ಹಿತ್ತಿಲ ಕುಂಟೆಯ ಪಾಚಿ

6 ನವೆಂಬರ್ 2006, ಸೋಮವಾರ

ಇವತ್ತೂ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಚನ್ನಪಟ್ಟಣದಿಂದ ರಾಮನಗರದವರೆಗೆ ಕಂಬಿ ಹಿಡಿದುಕೊಂಡೇ ಹೋದೆ. ಕಾಲೇಜಿನಲ್ಲಿ ಹನ್ನೊಂದು ಗಂಟೆಯ ಕ್ಲಾಸಿಗೆ ನಿಲ್ಲಲಾಗದೆ ಬೋರ್ಡಿಗೆ ಒರಗಿಕೊಂಡೇ ಪಾಠ ಮಾಡಿದೆ. ಮುಗಿದ ಮೇಲೆ ಒಬ್ಬ ಹುಡುಗಿ ಬಂದು, "ಮಿಸ್, ನಿಮ್ಮ ಬೆನ್ನ ಮೇಲೆ ಪೂರ್ತಿ ಎಲೆ ಚಿತ್ರ ಐತೆ" ಎಂದಳು. ಇರಲಿ ಬಿಡಮ್ಮ ಎಂದೆ. ಒರೆಸಿಕೊಳ್ಳುವುದಕ್ಕೂ ಕೈ ಎತ್ತಬೇಕಲ್ಲ.

ಎರಡು ತಿಂಗಳು. ಡಾಕ್ಟರಮ್ಮ ಖಚಿತ ಮಾಡಿದರು. ಇದು ಮೂರನೆಯದು. ಮೊದಲನೆಯದು ಮೂರನೇ ತಿಂಗಳಿಗೆ ಹೋಯಿತು, ಎರಡನೆಯದು ಐದನೇ ತಿಂಗಳಿಗೆ. ಇದೂ ಹೋದರೆ ನಾನು ಇನ್ನೊಂದಕ್ಕೆ ಮನಸ್ಸು ಮಾಡಲಾರೆ. ಮೈಯಲ್ಲಿ ತ್ರಾಣವೂ ಇಲ್ಲ, ಧೈರ್ಯವೂ ಇಲ್ಲ. ಗಂಡ ಕನಕರಾಜುಗೆ ಮಾತ್ರ ಹೇಳಿದ್ದೇನೆ. ಅವರು ಲೇತ್ ನಿಲ್ಲಿಸಿ ಕೇಳಿಸಿಕೊಂಡರು, ಆಮೇಲೆ ಮತ್ತೆ ಮರದ ಗೊಂಬೆಯ ತಲೆ ಕಡೆಯಲು ಶುರು ಮಾಡಿದರು.

ಅಂಬುಜಮ್ಮನವರಿಗೆ ಹೇಳಬೇಡಿ ಎಂದಿದ್ದೇನೆ. ಅಂಬುಜಮ್ಮನವರು ಎಂದರೆ ನನ್ನ ಗಂಡನ ತಾಯಿ. ಎದುರಿಗೆ ಅತ್ತೆ ಅನ್ನುತ್ತೇನೆ, ಈ ಪುಸ್ತಕದಲ್ಲೂ ಅನ್ನಬೇಕೆಂಬ ಬಲವಂತ ಇಲ್ಲ. ಹಿಂದಿನ ಎರಡಕ್ಕೂ ಅವರು ಕೊಟ್ಟ ತೀರ್ಪು ಒಂದೇ: "ಬಸ್ಸಲ್ಲಿ ಕುಣ್ಕಂಡ್ ತಿರುಗ್ತಿದ್ರೆ ನಿಂತದಾ? ಓದಿ ಓದಿ ಗರ್ಭ ಒಣಗೋಗದೆ." ಬೀದಿಯವರಿಗೆಲ್ಲ ಕೇಳುವಂತೆಯೇ ಹೇಳಿದ್ದರು. ಆ ಮಾತು ಸುಳ್ಳು ಎಂದು ಒಂದು ದಿನ ಅವರ ಮುಖಕ್ಕೆ ಹಿಡಿಯಬೇಕು. ರಾಮನಗರದಲ್ಲಿ ಒಂದು ಬಾಡಿಗೆ ಮನೆ ಹಿಡಿದು ಈ ಹೊಸಿಲು ದಾಟಬೇಕು. ಎರಡಕ್ಕೂ ಮೊದಲು ಒಂದು ವಾರ ಮಲಗಬೇಕು.

12 ನವೆಂಬರ್, ಭಾನುವಾರ

ಪಿಎಚ್‌ಡಿ ಅವಧಿ ಬರುವ ಜೂನ್‌ಗೆ ಮುಗಿಯುತ್ತದೆ. ಗೈಡ್ ಮೇಡಂ ಬೆಂಗಳೂರಿನಿಂದ ಫೋನ್ ಮಾಡಿ ನೆನಪಿಸಿದರು. ನನ್ನ ವಿಷಯ ಹೀಗೆ: ಕಡಲ ಊರಿನ ಸಂಶೋಧಕರು ಸಮುದ್ರದ ಪಾಚಿಯನ್ನು ಬಲೆಚೀಲದಲ್ಲಿ ತುಂಬಿ ಬಂದರಿನ ನೀರಿಗೆ ಇಳಿಬಿಡುತ್ತಾರೆ. ನೀರಿನಲ್ಲಿರುವ ಲೋಹವನ್ನು ಪಾಚಿ ಹೀರಿ ಇಟ್ಟುಕೊಳ್ಳುತ್ತದೆ. ಹದಿನೈದು ದಿನ ಬಿಟ್ಟು ತೆಗೆದು, ಒಣಗಿಸಿ, ಪುಡಿ ಮಾಡಿ ಯಂತ್ರಕ್ಕೆ ಕೊಟ್ಟರೆ ಯಾವ ಕಾರ್ಖಾನೆ ಏನು ಬಿಟ್ಟಿದೆ ಎಂದು ತಿಳಿಯುತ್ತದೆ. ನಮಗೆ ಸಮುದ್ರ ಇಲ್ಲ, ಬಿಡದಿ ಕಡೆಯ ಹಳ್ಳ ಇದೆ. ಐದು ವರ್ಷದಲ್ಲಿ ಅದರ ದಂಡೆಗೆ ಅಷ್ಟು ಕಾರ್ಖಾನೆ ಷೆಡ್ಡುಗಳು ಎದ್ದಿವೆ. ಸಮುದ್ರದ ಪಾಚಿಯ ಬದಲು ನೂಲುಪಾಚಿ. ಇದೇ ನನ್ನ ಪ್ರಬಂಧದ ಹೊಸತನ, ಇಷ್ಟೇ.

ಚೀಲಕ್ಕೆ ತುಂಬಲು ಮೊದಲು ಶುದ್ಧ ನೀರಿನ ಪಾಚಿ ಬೇಕು. ಎಲ್ಲಿ ಹುಡುಕಿಕೊಂಡು ಹೋಗಲಿ? ನಮ್ಮ ಹಿತ್ತಿಲಿನಲ್ಲೇ ತೆಂಗಿನ ಮರಗಳ ನಡುವೆ ಪುಟ್ಟ ಕೊಳದಂಥ ಕುಂಟೆ ಇದೆ. ಈ ಕಡೆ ಒಂದು ಕಾರ್ಖಾನೆಯೂ ಇಲ್ಲ, ಗೊಂಬೆ ಮಾಡುವ ಮನೆಗಳು ಮಾತ್ರ. ಪಾಚಿ ಹಸಿರು ರೇಷ್ಮೆ ಹಾಗೆ ಬೆಳೆದಿದೆ. ಬೆಳಗ್ಗೆ ಸೀರೆ ಎತ್ತಿ ಕಟ್ಟಿ ಇಳಿದೆ. ಅದೇ ಹೊತ್ತಿಗೆ ಅಂಬುಜಮ್ಮನವರು ಅರಗು ನಾದುವ ಕಲ್ಲು ತೊಳೆಯಲು ಮೆಟ್ಟಿಲಿಗೆ ಬಂದರು. ಅರಗನ್ನು ಕೆಂಡದಲ್ಲಿ ಕಾಯಿಸಿ, ಬಣ್ಣದ ಪುಡಿ ಹಾಕಿ, ಬಿಸಿ ಆರುವ ಮೊದಲು ಕಲ್ಲಿನ ಮೇಲೆ ನಾದಿ ಕಡ್ಡಿ ಎಳೆಯುವುದು ಅವರ ಕೆಲಸ. ಲೇತಿನಲ್ಲಿ ತಿರುಗುವ ಮರಕ್ಕೆ ಆ ಕಡ್ಡಿ ಒತ್ತಿದರೆ ಬಣ್ಣ ಹತ್ತುತ್ತದೆ. ಅವರ ಹಳದಿಗೆ ಪೇಟೆಯಲ್ಲಿ ಹೆಸರಿದೆ. ವ್ಯಾಪಾರಿಗಳು "ಅಂಬುಜಮ್ಮನ ಹಳದಿ" ಎಂದೇ ಕೇಳುತ್ತಾರೆ.

ಕಲ್ಲಿನ ಹಳದಿ ನೀರು ನನ್ನ ಪಾಚಿಯ ಕಡೆಗೇ ಬಂತು.

"ಅತ್ತೆ, ಒಸಿ ಆ ಕಡೆ ತೊಳೀರಿ. ಸ್ಯಾಂಪಲ್ ಕೆಡುತ್ತೆ."

"ಪಾಚಿಗೂ ಮಡಿ ಮಾಡ್ತೀಯಾ? ನಾನ್ ಈ ಮೆಟ್ಲಲ್ಲಿ ಕಲ್ ತೊಳೀತಿರೋದು ನೀನ್ ಈ ಮನೆಗೆ ಬರೋಕ್ ಮುಂಚ್ಲಿಂದ ಕಣೇ."

ಜಗಳಕ್ಕೆ ತ್ರಾಣ ಇರಲಿಲ್ಲ. ಪಾಚಿಯನ್ನು ಬಾವಿ ನೀರಿನಲ್ಲಿ ಮೂರು ಸಲ ಜಾಲಿಸಿದೆ, ಹಳದಿ ಹೋಯಿತು. ಹಳೇ ಸೊಳ್ಳೆಪರದೆ ಕತ್ತರಿಸಿ ಆರು ಚೀಲ ಮಾಡಿದ್ದೆ. ಐದನ್ನು ಹಳ್ಳಕ್ಕೆ ಕಟ್ಟಿ ಬಂದೆ. ಆರನೆಯದನ್ನು ಎಲ್ಲೂ ಇಳಿಬಿಡದೆ ಹಾಗೇ ಒಣಗಿಸಿ ಇಡಬೇಕು, ಹೋಲಿಸಿ ನೋಡಲು.

26 ನವೆಂಬರ್, ಭಾನುವಾರ

ಚೀಲ ತೆಗೆದೆ. ಕೈಯಿಂದ ಇನ್ನೂ ಹಳ್ಳದ ವಾಸನೆ ಹೋಗಿಲ್ಲ. ಮೂರನೇ ಚೀಲ ಕಟ್ಟಿದ ಜಾಗದಲ್ಲಿ ಹುಲ್ಲು ಬೆಳೆಯುವ ಮರಿಯಪ್ಪ ಎಂಬವರು ನನಗಾಗಿಯೇ ಕಾಯುತ್ತಿದ್ದರು.

"ಮೇಡಮ್ಮೋರೆ, ಇದ್ರಲ್ಲಿ ಮೀನು ಹಿಡೀತಿದ್ದೀರಾ ಅಂತ ನೋಡ್ದೆ. ಪಾಚಿ ಐತೆ."

ಹೀಗೆ ಹೀಗೆ ಎಂದು ಹೇಳಿದೆ.

"ನಾವು ನೀರ್ ಮೂಸ್ ನೋಡಿ ಕೆಟ್ಟೋಗೈತೆ ಅಂತೀವಿ, ಯಾರೂ ಕೇಳಕ್ಕಿಲ್ಲ. ನಿಮ್ಮ ಪಾಚಿ ಯೋಳುದ್ರೆ ಕೇಳ್ತಾರಾ?"

ಕೇಳುತ್ತಾರೆ ಎಂದೆ. ನನಗೇ ನಂಬಿಕೆ ಇರಲಿಲ್ಲ. ದಂಡೆ ಹತ್ತುವಾಗ ಅವರು ಕೋಲು ಚಾಚಿದರು, ಹಿಡಿದುಕೊಂಡು ಹತ್ತಿದೆ.

ಮೂರನೇ ತಿಂಗಳು ನಡೆಯುತ್ತಿದೆ. ಮನೆಗೆ ಬಂದಾಗ ಅಂಬುಜಮ್ಮನವರ ಕೈಯಿಂದ ಹಾಲಿನ ಪಾತ್ರೆ ಜಾರಿ ಬಿದ್ದಿತ್ತು. ಈ ತಿಂಗಳಲ್ಲಿ ನಾಲ್ಕನೆಯದು. ನನ್ನ ಮೇಲಿನ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಾರೆ ಎಂದುಕೊಂಡು ಒರೆಸಿದೆ.

9 ಡಿಸೆಂಬರ್, ಶನಿವಾರ

ಗೊತ್ತಾಗಿಬಿಟ್ಟಿದೆ. ನಾನು ಒಗ್ಗರಣೆ ವಾಸನೆಗೆ ಹಿತ್ತಿಲಿಗೆ ಓಡಿದ್ದನ್ನು ಮೂರು ದಿನ ನೋಡಿದ್ದಾರೆ. ಬೈಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ. ಇವತ್ತು ಕಾಲೇಜಿನಿಂದ ಬಂದ ಕೂಡಲೇ ಕರೆದರು.

"ಚಳಿ ಐತೆ. ಇಲ್ ಬಾ, ಕೆಂಡುದ್ ಪಕ್ಕ ಕುಂತ್ಕೊ."

ಅವರು ಅರಗು ಕಾಯಿಸುವ ಒಲೆಯ ಹತ್ತಿರ ಹೊರಗಿನವರು ಕೂರುವುದಿಲ್ಲ. ಮದುವೆಯಾಗಿ ಐದು ವರ್ಷವಾದರೂ ನನ್ನನ್ನು ಕರೆದಿರಲಿಲ್ಲ. ಸುಸ್ತಾಗಿತ್ತು, ಕೂತೆ. ಬೆಚ್ಚಗಿತ್ತು. ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದೆನಂತೆ. ಎದ್ದಾಗ ಮೈಮೇಲೆ ಅವರ ಹಳೇ ಸೀರೆ ಹೊದಿಸಿತ್ತು.

17 ಡಿಸೆಂಬರ್, ಭಾನುವಾರ

ಎರಡನೇ ಸುತ್ತಿನ ಚೀಲಗಳು. ಈ ಸಲ ಅಂಬುಜಮ್ಮನವರೇ ಹೊಲಿಗೆ ಮಿಷನ್ನಿನಲ್ಲಿ ಹೊಲಿದು ಕೊಟ್ಟರು. ಸೂಜಿಗೆ ದಾರ ಪೋಣಿಸಲು ಅವರಿಗೆ ಆಗಲಿಲ್ಲ, ಬೆರಳು ನಿಲ್ಲುತ್ತಿಲ್ಲ. ನಾನು ಪೋಣಿಸಿದೆ. ಕುಂಟೆಯ ಪಾಚಿಯನ್ನು ಜಬ್ಬಾರ್ ತೆಗೆದುಕೊಟ್ಟರು. ಜಬ್ಬಾರ್ ನಮ್ಮ ಮನೆಯ ಎರಡನೇ ಲೇತಿನಲ್ಲಿ ಹದಿನೆಂಟು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. "ನೀವ್ ನೀರಿಗಿಳೀಬ್ಯಾಡಿ ಮೇಡಮ್ಮೋರೆ, ಅಂಬುಜಕ್ಕ ನನ್ ಕಾಲ್ ಮುರೀತಾರೆ" ಎಂದರು. ಅಂದರೆ ಅವರಿಗೂ ಗೊತ್ತು. ಬೀದಿಗೂ ಗೊತ್ತಿರಬೇಕು.

ಹಳ್ಳಕ್ಕೆ ಹೋಗಿ ಕಟ್ಟಿದ್ದೂ ಕನಕರಾಜು, ನಾನು ದಂಡೆಯಲ್ಲಿ ನಿಂತು ಕೈ ತೋರಿಸಿದೆ. ಮೊದಲ ಸುತ್ತಿನ ಪುಡಿಗಳನ್ನು ಬೆಂಗಳೂರಿಗೆ ಕಳಿಸಿಯಾಗಿದೆ.

28 ಡಿಸೆಂಬರ್, ಗುರುವಾರ

ನಾಲ್ಕನೇ ತಿಂಗಳು. ರಜೆ. ದಿನವೂ ಸಂಜೆ ಒಲೆಯ ಹತ್ತಿರ ಕೂರುವುದು ಅಭ್ಯಾಸವಾಗಿದೆ. ಅರಗು ಎಳೆಯುವಾಗ ಒಂದು ತುದಿ ನಾನು ಹಿಡಿಯುತ್ತೇನೆ. ಮಾವ ತೀರಿಕೊಂಡಾಗ ಕನಕರಾಜುಗೆ ಒಂಬತ್ತು ವರ್ಷವಂತೆ. ಗಂಡ ಸತ್ತವಳು ಲೇತ್ ಮುಟ್ಟಬಾರದು ಎಂದು ನೆಂಟರು ತಡೆದಾಗ, ಬಣ್ಣದ ಕೆಲಸವನ್ನಾದರೂ ನನಗೆ ಬಿಡಿ ಎಂದು ಇವರು ಹಟ ಹಿಡಿದು ಕೂತರಂತೆ. ಮೊದಲು ಅರಿಶಿನದ ಹಳದಿ ಹಾಕುತ್ತಿದ್ದರು, ಬಿಸಿಲಿಗೆ ಮಾಸುತ್ತಿತ್ತು. ಆಮೇಲೆ ಬೆಂಗಳೂರಿನ ಡಬ್ಬಿ ಪುಡಿ ಬಂತು. "ಅದನ್ನ ಎಷ್ಟ್ ಆಕುದ್ರೆ ಎಷ್ಟ್ ಮಿಂಚ್ತದೆ ಅಂತ ನಂಗೊಬ್ಬಳಿಗೇ ಗೊತ್ತಿರೋದು" ಎಂದು ನಕ್ಕರು. ಅವರು ನಗುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಹುಳಿ ತಿನ್ನಬೇಕು ಅನ್ನಿಸುತ್ತದೆ ಎಂದಿದ್ದೆ. ಅತ್ತೆ ಹುಣಸೆಹಣ್ಣು, ಬೆಲ್ಲ, ಜೀರಿಗೆ ಕುಟ್ಟಿ ಚಿಗಳಿ ಮಾಡಿದರು. ಹಳದಿಯ ಒಂದು ಸರತಿ ಮುಗಿಸಿ, ಕೈಯನ್ನು ಸೀರೆಗೆ ಒರೆಸಿಕೊಂಡು, ಅಂಗೈಯಲ್ಲಿ ಉಂಡೆ ಕಟ್ಟಿ ಕಟ್ಟಿ ಕೊಟ್ಟರು. ನಾನು ಏಳು ತಿಂದೆ. ಕೆಲವು ವಾರದಿಂದ ಇರುವ ಹೊಟ್ಟೆನೋವು ಮಾತ್ರ ಹೋಗಿಲ್ಲ, ಬಾಯಲ್ಲಿ ತಗಡು ಕಚ್ಚಿದ ರುಚಿ. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎನ್ನುತ್ತಾರೆ ಅತ್ತೆ. ನಾನು ವಿಚಾರಿಸಿಟ್ಟಿದ್ದ ರಾಮನಗರದ ಬಾಡಿಗೆ ಮನೆಯವರು ಫೋನ್ ಮಾಡಿದ್ದರು. ಹೆರಿಗೆ ಆದಮೇಲೆ ನೋಡೋಣ ಎಂದೆ.

4 ಜನವರಿ 2007, ಗುರುವಾರ

ಬೆಂಗಳೂರಿನಿಂದ ಫಲಿತಾಂಶ ಬಂತು. ಸ್ಟಾಫ್ ರೂಮಿನಲ್ಲಿ ಕೂತು ನೋಡಿದೆ. ಹಳ್ಳದ ಚೀಲಗಳಲ್ಲಿ ನಿಕ್ಕಲ್ ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚು, ಮರಿಯಪ್ಪನವರ ಜಾಗದಲ್ಲಂತೂ ಇಪ್ಪತ್ತು ಪಟ್ಟು. ಅದು ಸರಿ. ಸೀಸ ಐದೂ ಚೀಲಗಳಲ್ಲಿ ವಿಪರೀತ. ಒಂದು ಗಳಿಗೆ ಖುಷಿಯಾಯಿತು, ನಾಚಿಕೆಯಿಲ್ಲದೆ ಬರೆಯುತ್ತೇನೆ. ದೊಡ್ಡ ಪ್ರಬಂಧ ಆಯಿತು ಎಂದುಕೊಂಡೆ.

ಆಮೇಲೆ ಆರನೇ ಚೀಲದ ಸಾಲು ನೋಡಿದೆ. ಹಳ್ಳವನ್ನೇ ನೋಡದ ಚೀಲ. ಸೀಸ ಎಲ್ಲಕ್ಕಿಂತ ಹೆಚ್ಚಾಗಿ ಅದರಲ್ಲೇ ಇದೆ. ಹಳ್ಳಕ್ಕೆ ಇಳಿದ ಪಾಚಿಯಲ್ಲಿ ಸೀಸ ಕಡಿಮೆಯಾಗಿದೆ.

ಚೀಟಿ ಅದಲು ಬದಲಾಗಿರಬೇಕು. ನನಗೆ ಈಚೆಗೆ ಮರೆವು ಹೆಚ್ಚು, ನಿನ್ನೆ ಹಾಜರಿ ಪುಸ್ತಕವನ್ನು ಬಸ್ಸಿನಲ್ಲೇ ಬಿಟ್ಟು ಬಂದಿದ್ದೆ. ಗೈಡ್ ಮೇಡಂ ಹೇಳಿದ್ದೂ ಅದನ್ನೇ: "ನಂಬರ್ ತಪ್ಪು ಬರೆದಿದ್ದೀಯ ನಯನ, ಎರಡನೇ ಸುತ್ತಿನದು ಬರಲಿ."

5 ಜನವರಿ, ಶುಕ್ರವಾರ

ಚೀಟಿ ಅದಲು ಬದಲಾಗಿಲ್ಲ.

ಬೆಳಗ್ಗೆ ಹೊರಡುವಾಗ ಅತ್ತೆ ಡಬ್ಬಿಗೆ ಚಿಗಳಿ ಹಾಕಿ ಕೊಡಲು ಕೈ ಚಾಚಿದರು. ಉಗುರಿನ ಕೆಳಗೆ ಹಳದಿ ಗೆರೆ. ಅಂಗೈಯ ರೇಖೆಗಳಲ್ಲೂ ಹಳದಿ. ಐದು ವರ್ಷದಿಂದ ನೋಡುತ್ತಿರುವ ಕೈ. ಅಡುಗೆಮನೆಯ ಅರಿಶಿನದ ಹಾಗೆಯೇ ಅದನ್ನೂ ಲೆಕ್ಕಕ್ಕಿಡದೆ ಬದುಕಿದ್ದೆ. ಡಬ್ಬಿ ತೆಗೆದುಕೊಂಡು ಬಸ್ ನಿಲ್ದಾಣದವರೆಗೂ ಹೋಗಿ ಅಲ್ಲೇ ಕಲ್ಲಿನ ಮೇಲೆ ಕೂತೆ. ಎರಡು ಬಸ್ಸು ಹೋದವು.

ಸೀಸದ ಬಗ್ಗೆ ನಾನೇ ಪಾಠ ಮಾಡುತ್ತೇನೆ. ಮಿಂಚುವ ಹಳದಿ ಪುಡಿಗಳಲ್ಲಿ ಸೀಸ ಇರುತ್ತದೆ ಎಂದೂ ಹೇಳಿರುತ್ತೇನೆ. ಕೈ ಸೋಲುವುದು, ಹೊಟ್ಟೆ ಹಿಂಡುವುದು, ಸುಸ್ತು, ಮರೆವು. ಬಸುರಿಯಾದರೆ ಬಸಿರು ಇಳಿಯುವುದು. ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಅದು.

ಕಾರ್ಖಾನೆ ಎಂದರೆ ಬಿಡದಿಯಲ್ಲಿರುವುದು ಎಂದುಕೊಂಡಿದ್ದೆ. ಮೂರು ಸಲ ಜಾಲಿಸಿ ಬಣ್ಣ ಹೋಯಿತೆಂದು ಒಪ್ಪಿಕೊಂಡ ಪೆದ್ದಿ ನಾನು. ಹಿತ್ತಿಲ ಸೀಸವನ್ನು ಚೀಲದಲ್ಲಿ ಹೊತ್ತು ಹೋಗಿ ಹಳ್ಳದಲ್ಲಿ ಹುಡುಕಿದ್ದೇನೆ. ಮನಸ್ಸಿಗೆ ಅಸಹ್ಯವಾಯಿತು.

8 ಜನವರಿ, ಸೋಮವಾರ

ನಾನೇ ಬೆಂಗಳೂರಿಗೆ ಹೋಗಿ ಕೊಟ್ಟು ಬಂದೆ. ಹಳದಿ ಪುಡಿ, ಕುಂಟೆಯ ಕೆಸರು, ಉಳಿದಿದ್ದ ಎರಡು ಚಿಗಳಿ. ನನ್ನ ರಕ್ತ. ಅತ್ತೆಯ ರಕ್ತವನ್ನು ಕನಕರಾಜು ಸಕ್ಕರೆ ಕಾಯಿಲೆ ಪರೀಕ್ಷೆ ಎಂದು ಹೇಳಿ ತೆಗೆಸಿದ್ದಾರೆ. ಕನಕರಾಜುಗೆ ಎಲ್ಲ ಹೇಳಿದೆ. "ಅವ್ವಂಗೆ ಗೊತ್ತಾದ್ರೆ ಉಳಿಯಾಕಿಲ್ಲ" ಎಂದರು. "ನನ್ನ ಹೊಟ್ಟೆಯಲ್ಲಿರುವುದು?" ಎಂದೆ. ಸಂಜೆ ಒಲೆಯ ಹತ್ತಿರ ಹೋಗಲಿಲ್ಲ, ತಲೆನೋವು ಎಂದು ಮಲಗಿದೆ. ಅತ್ತೆ ಎರಡು ಸಲ ಬಾಗಿಲಿಗೆ ಬಂದು ಹೋದರು.

18 ಜನವರಿ, ಗುರುವಾರ

ರಕ್ತದಲ್ಲಿ ಸೀಸ ಹತ್ತರೊಳಗೆ ಇರಬೇಕು. ನನ್ನದು ಇಪ್ಪತ್ತನಾಲ್ಕು. ಅತ್ತೆಯದು ಅರವತ್ತೊಂದು. ಹಳದಿ ಪುಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಚಿಗಳಿಯಲ್ಲೂ ಇದೆ.

ಡಾಕ್ಟರಮ್ಮ ಕಾಗದ ನೋಡಿ, "ಆ ಮನೆಯಲ್ಲಿ ಒಂದು ದಿನವೂ ಇರಬೇಡಿ. ಈಗ ಬಿಟ್ಟರೆ ಮಗು ಉಳಿಸಿಕೊಳ್ಳಬಹುದು" ಎಂದರು. ಉಳಿಸಿಕೊಳ್ಳಬಹುದು ಎಂದರು, ಉಳಿಯುತ್ತದೆ ಎನ್ನಲಿಲ್ಲ. ಐದನೇ ತಿಂಗಳು ನಡೆಯುತ್ತಿದೆ. ಹೋದ ಸಲ ಇದೇ ತಿಂಗಳು.

19 ಜನವರಿ, ಶುಕ್ರವಾರ

ಮಲಗುವ ಮೊದಲು ಬರೆದಿಡಬೇಕು.

ಬೆಳಗ್ಗೆ ಅಂಗಳದಲ್ಲಿ ನಾನೇ ಹೇಳಿದೆ. ಮೆತ್ತಗೆ ಹೇಳಬೇಕೆಂದು ಅಭ್ಯಾಸ ಮಾಡಿಕೊಂಡಿದ್ದೆ, ಬಾಯಿಗೆ ಬಂದಿದ್ದು ಮಾತ್ರ ಅಂಕಿಗಳು. ಕನಕರಾಜು ಲೇತ್ ನಿಲ್ಲಿಸಿದರು, ಜಬ್ಬಾರ್ ಕೈಯಲ್ಲಿದ್ದ ಉಳಿ ಕೆಳಗಿಟ್ಟರು. ಅತ್ತೆ ಕೇಳಿಸಿಕೊಂಡು ಎದ್ದು ನಿಂತರು.

"ಅಂದ್ರೆ ನಾನು ನಿಂಗೆ ಇಸ ಇಕ್ದೆ ಅಂತೀಯಾ?"

"ನಿಮಗೂ ಗೊತ್ತಿರಲಿಲ್ಲ ಅತ್ತೆ, ನನಗೂ—"

"ಇಪ್ಪತ್ತು ವರ್ಸದಿಂದ ಕಲಸ್ತಾ ಇವ್ನಿ. ನಂಗೇನಾಗದೆ? ಯೋಳು, ಏನಾಗದೆ?"

ಹೇಳುತ್ತ ಕೈ ಮುಂದೆ ಚಾಚಿದರು. ಬಲಗೈಯ ಮಣಿಕಟ್ಟು ನಿಲ್ಲದೆ ಕೆಳಕ್ಕೆ ಬಾಗಿತು. ಎತ್ತಲು ನೋಡಿದರು, ಮತ್ತೆ ಬಾಗಿತು. ಎಲ್ಲರೂ ಆ ಕೈಯನ್ನೇ ನೋಡಿದೆವು. ಅವರೂ ನೋಡಿಕೊಂಡರು.

ಆಮೇಲೆ ಒಳಗೆ ಹೋಗಿ ಹಳದಿ ಪುಡಿಯ ದೊಡ್ಡ ಡಬ್ಬಿಯನ್ನು ಎದೆಗೆ ಅವಚಿಕೊಂಡು ಹಿತ್ತಿಲಿಗೆ ನಡೆದರು. ಏನು ಮಾಡುತ್ತಾರೆಂದು ಒಂದು ಕ್ಷಣ ಹೊಳೆಯಲಿಲ್ಲ. ಹೊಳೆದ ಕೂಡಲೇ ಓಡಿದೆ. ನಾನು ಓಡಬಾರದು, ಓಡಿದೆ. ಕುಂಟೆಯ ಮೆಟ್ಟಿಲಲ್ಲಿ ಮುಚ್ಚಳ ತೆಗೆಯುತ್ತಿದ್ದರು.

"ಅತ್ತೆ, ನೀರಿಗೆ ಬೇಡ!"

"ಮನೇಲ್ ಇರ್ಬಾರ್ದು ಅಂದೆಯಲ್ಲ. ಆಳಾಗೋಗ್ಲಿ."

ಡಬ್ಬಿಯ ಇನ್ನೊಂದು ಕಡೆ ಹಿಡಿದುಕೊಂಡೆ. ಅವರು ಎಳೆದರು, ನಾನು ಎಳೆದೆ. ಅವರ ಕೈಯಲ್ಲಿ ಬಲವೇ ಇರಲಿಲ್ಲ. ಒಮ್ಮೆಗೇ ಬಿಟ್ಟುಬಿಟ್ಟು, ಮೆಟ್ಟಿಲ ಮೇಲೆ ಕೂತು ನನ್ನ ಹೊಟ್ಟೆಯ ಕಡೆ ನೋಡಿದರು.

"ಓಡಿ ಬಂದ್ಯಲ್ಲೇ. ಏನಾದ್ರೂ ಆಗಿದ್ರೆ?" ಎಂದು ಅಳಲು ಶುರು ಮಾಡಿದರು. ನನಗೂ ಅಳು ಬಂತು. ಜಬ್ಬಾರ್ ಬಂದು ಡಬ್ಬಿ ತೆಗೆದುಕೊಂಡು, ಮುಚ್ಚಳದ ಸುತ್ತ ಅರಗು ಕರಗಿಸಿ ಬಿಟ್ಟು ಬಿಗಿ ಮಾಡಿ, ಲೇತ್ ಇರುವ ಷೆಡ್ಡಿನ ಅಟ್ಟಕ್ಕೆ ಏರಿಸಿದರು. ಮಧ್ಯಾಹ್ನದ ಬಸ್ಸಿಗೆ ನಾನು ತವರಿಗೆ ಹೊರಟೆ. ಅತ್ತೆ ಹೊಸಿಲಿನವರೆಗೂ ಬಂದರು. ಈಚೆಗೆ ನಾನು ಹೊರಟಾಗಲೆಲ್ಲ ತಲೆ ನೇವರಿಸಿ ಕಳಿಸುತ್ತಿದ್ದವರು ಇವತ್ತು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

27 ಜನವರಿ, ಶನಿವಾರ

ಸಾತನೂರಿನ ಹತ್ತಿರದ ನಮ್ಮ ಊರು. ಅಪ್ಪ ಪುಟ್ಟಲಿಂಗಯ್ಯ ಕುರಿ ಹೊಡೆದುಕೊಂಡು ಹೋದಮೇಲೆ ಮನೆಯಲ್ಲಿ ಅವ್ವ ಮತ್ತು ನಾನು. ಮಲಗುವುದು, ಏಳುವುದು, ಅವ್ವ ಕೊಟ್ಟಿದ್ದನ್ನು ತಿನ್ನುವುದು. ಪ್ರತಿ ಸಲ ಬಚ್ಚಲಿಗೆ ಹೋದಾಗಲೂ ರಕ್ತ ಕಂಡೀತೆಂದು ಕಣ್ಣು ಮುಚ್ಚಿಕೊಳ್ಳುತ್ತೇನೆ. ಕಂಡಿಲ್ಲ.

ಗೈಡ್ ಮೇಡಂ ಫೋನ್ ಮಾಡಿದ್ದರು. "ಸೀಸದ ಕಾಲಂ ತೆಗೆದುಹಾಕು. ನಿಕ್ಕಲ್ ಇಟ್ಟುಕೊಂಡು ಬರೆ. ಯಾರೂ ಕೇಳುವುದಿಲ್ಲ, ಜೂನ್‌ಗೆ ಮುಗಿಯುತ್ತೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಯೋಚಿಸುತ್ತೇನೆ ಎಂದೆ. ಯೋಚಿಸಲಿಲ್ಲ, ಮಲಗಿದೆ.

11 ಫೆಬ್ರವರಿ, ಭಾನುವಾರ

ಐದು ತಿಂಗಳು ದಾಟಿತು. ಬರೆಯಲು ಹೆದರಿಕೆಯಾಗುತ್ತದೆ, ಆದರೂ ಬರೆದೆ.

ಬೆಳಗ್ಗೆ ಅಪ್ಪನ ಕುರಿಗಳ ಹಿಂದೆ ಗುಡ್ಡದ ಬುಡದವರೆಗೂ ಹೋಗಿ ಬಂದೆ. ಮಧ್ಯಾಹ್ನ ಪ್ರಬಂಧದ ಮುನ್ನುಡಿ ಬರೆಯಲು ಕೂತೆ, ಹದಿನೈದು ಪುಟ ಆಯಿತು. ಸೀಸದ ಕಾಲಂ ಇಟ್ಟಿದ್ದೇನೆ. "ಪ್ರಯೋಗಕ್ಕೆ ಬಳಸಿದ ಪಾಚಿ ಸಂಶೋಧಕಿಯ ಮನೆಯ ಕುಂಟೆಯದು. ಅದು ಮೊದಲೇ ಕಲುಷಿತವಾಗಿತ್ತು" ಎಂದು ಬರೆದೆ. ಶುದ್ಧ ಪಾಚಿಯಿಂದ ಮತ್ತೆ ಮಾಡಲು ಇನ್ನೊಂದು ಚಳಿಗಾಲ ಬೇಕಾಗುತ್ತದೆ. ಮೇಡಂ ಬೇಜಾರು ಮಾಡಿಕೊಂಡರು. ನಿಕ್ಕಲ್ ಅಂಕಿಗಳನ್ನು ಕನಕರಾಜು ಕೈಯಲ್ಲಿ ಮರಿಯಪ್ಪನವರಿಗೆ ಕಳಿಸಿದೆ. ಅವರ ಬಾವಿಯ ನೀರನ್ನೂ ಮುಂದಿನ ಸಲ ನೋಡಬೇಕು.

ಅತ್ತೆಯನ್ನು ಬೆಂಗಳೂರಿನಲ್ಲಿ ಎರಡು ವಾರ ಆಸ್ಪತ್ರೆಗೆ ಸೇರಿಸಿದ್ದರು. ಈಗ ಮನೆಗೆ ಬಂದಿದ್ದಾರೆ. ಜಬ್ಬಾರ್ ಹಿಂದೊಮ್ಮೆ ಗಿಡದ ಬಣ್ಣಗಳ ತರಬೇತಿಗೆ ಹೋಗಿ ಬಂದಿದ್ದರು, ಅತ್ತೆ ಆಗ ಗೇಲಿ ಮಾಡಿದ್ದರಂತೆ. ಈಗ ಒಲೆಯ ಮುಂದೆ ಅವರನ್ನು ಕೂರಿಸಿ, ತಾವು ದೂರ ಕೂತು, "ಅರಿಶಿನ ಒಸಿ ಜಾಸ್ತಿ ಆಕು, ಮಿಂಚಲಿಲ್ಲ" ಎಂದು ಬೈಯುತ್ತಾರಂತೆ. ನನಗೆ ದಿನವೂ ಫೋನ್ ಮಾಡಿಸುತ್ತಾರೆ. ಕೇಳುವುದು ಒಂದೇ ಮಾತು: "ಒದೀತದಾ?" ಒದೆಯುತ್ತೆ ಅತ್ತೆ ಎನ್ನುತ್ತೇನೆ. ಅಷ್ಟು ಸಾಕು ಅವರಿಗೆ, ಇಡು ಎನ್ನುತ್ತಾರೆ.

11 ಮಾರ್ಚ್, ಭಾನುವಾರ

ಏಳನೇ ತಿಂಗಳು. ಇವತ್ತು ಬಳೆ ತೊಡಿಸುವ ಶಾಸ್ತ್ರ ಮಾಡಿದರು. ಹಸಿರು ಬಳೆ ಮೊಣಕೈವರೆಗೂ ಇವೆ, ಬರೆಯುವಾಗ ಸದ್ದಾಗುತ್ತಿದೆ.

ಅತ್ತೆ ಬೆಳಗಿನ ಬಸ್ಸಿಗೇ ಕನಕರಾಜು ಜೊತೆ ಬಂದಿದ್ದರು. ಬರುವುದಿಲ್ಲ ಎಂದುಕೊಂಡಿದ್ದೆ. ಮುತ್ತೈದೆಯರು ಒಳಗೆ ನನ್ನ ಸುತ್ತ ಕೂತರೆ, ಅವರು ಹೊರಗೆ ಜಗಲಿಯ ಮೂಲೆಯಲ್ಲಿ ಕೂತರು. ಯಾರೂ ಬಾ ಎನ್ನಲಿಲ್ಲ. ಗಂಡ ಇಲ್ಲದವರು ಹಾಗೆ ದೂರ ಕೂರುವುದು ನಮ್ಮ ಕಡೆ ವಾಡಿಕೆ. ಎಲ್ಲರೂ ಅದಕ್ಕೇ ಎಂದುಕೊಂಡರು. ನನಗೆ ಮಾತ್ರ ಗೊತ್ತಿತ್ತು. ಬಂದಾಗಿನಿಂದ ಅವರು ನನ್ನನ್ನು ಒಂದು ಸಲವೂ ಮುಟ್ಟಿರಲಿಲ್ಲ. ಕೈಯನ್ನು ಸೆರಗಿನೊಳಗೆ ಸುತ್ತಿಟ್ಟುಕೊಂಡಿದ್ದರು.

ಒಬ್ಬೊಬ್ಬರೇ ತುತ್ತು ಕೊಟ್ಟರು. ಎಲ್ಲ ಮುಗಿದ ಮೇಲೆ ನಾನೇ ಕೂಗಿದೆ.

"ಅತ್ತೆ, ನೀವೂ ಒಂದು ತುತ್ತು ಕೊಡಿ ಬನ್ನಿ."

ಅವ್ವ ನನ್ನ ಭುಜ ಚಿವುಟಿದಳು. ಯಾರೋ ಗಂಟಲು ಸರಿಮಾಡಿಕೊಂಡರು. ಅತ್ತೆ ಬಾಗಿಲಲ್ಲಿ ಬಂದು ನಿಂತು, "ಬ್ಯಾಡ ಕಣವ್ವ, ನನ್ ಕೈ ಒಳ್ಳೇದಲ್ಲ" ಎಂದರು. ಹೆಂಗಸರು ಅಯ್ಯೋ ಪಾಪ ಎಂಬಂತೆ ತಲೆ ಆಡಿಸಿದರು.

ನಾನೇ ಊಟದ ಎಲೆ ಎತ್ತಿಕೊಂಡು ಜಗಲಿಗೆ ಹೋಗಿ ಅವರ ಪಕ್ಕದಲ್ಲಿ ಕೂತೆ. ಅವರು ಕೈ ಹೊರಗೆ ತೆಗೆದು ತೋರಿಸಿದರು. ತೆಂಗಿನ ನಾರು, ಬೂದಿ ಹಾಕಿ ಉಜ್ಜಿ ಉಜ್ಜಿ ಅಂಗೈ ಸುಲಿದುಹೋಗಿತ್ತು. ಹಳದಿ ಎಲ್ಲೂ ಇರಲಿಲ್ಲ. ಒಳಗಿನವರಿಗೆ ಕೇಳದ ಹಾಗೆ ಕೇಳಿದರು:

"ನಯ್ನ, ನಿಜ ಯೋಳು. ಆ ಮೊದಲ್ನೇವು ಎರಡೂ ನನ್ನಿಂದ್ಲೇ ಓದ್ವಾ?"

ಇಷ್ಟು ದಿನ ಈ ಮಾತಿಗಾಗಿ ಕಾದಿದ್ದೆ. ಉತ್ತರ ಕಾಗದದಲ್ಲಿತ್ತು, ಅಂಕಿಗಳಿದ್ದವು. ಬೀದಿಗೆಲ್ಲ ಕೇಳುವಂತೆ ಹೇಳಬಹುದಿತ್ತು. ಅವರ ಮುಖ ನೋಡಿದೆ. ತಪ್ಪು ಒಪ್ಪಿಕೊಳ್ಳಲೆಂದೇ ಅಷ್ಟು ದೂರ ಬಸ್ಸಿನಲ್ಲಿ ಬಂದಿದ್ದರು.

"ಗೊತ್ತಿಲ್ಲ ಅತ್ತೆ" ಎಂದೆ. "ಆಗ ಯಾರೂ ರಕ್ತ ನೋಡಿರಲಿಲ್ಲ. ಇನ್ನು ಗೊತ್ತಾಗೋದೂ ಇಲ್ಲ."

ನಾನು ತುತ್ತಿಗೆ ಬಾಯಿ ತೆರೆದೆ. ತೆರೆದುಕೊಂಡೇ ಇದ್ದೆ. ಒಳಗೆ ಹೆಂಗಸರು ನೋಡುತ್ತಿದ್ದರು, ಅವ್ವನೂ ನೋಡುತ್ತಿದ್ದಳು. ಕೊನೆಗೆ ಅತ್ತೆ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಎತ್ತಿ ಒಂದು ತುತ್ತು ಸಿಹಿ ಪೊಂಗಲ್ ನನ್ನ ಬಾಯಿಗೆ ತಂದರು. ಕೈ ನಡುಗಿ ಅರ್ಧ ನನ್ನ ಸೀರೆಯ ಮೇಲೆ ಬಿತ್ತು. ಉಳಿದ ಅರ್ಧವನ್ನು ನಾನು ತಿಂದೆ.